ಅಕ್ಕೋರು ಯಾವ ಪೈಕಿ?

ಅವರನ್ನು ಆಂಟಿ ಎಂದು ಕರೆದವರಿಗೆ ಉಳಿಗಾಲವಿರಲಿಲ್ಲ. ಆಕ್ಲೆಂಡಿನ ನಮ್ಮ ಕನ್ನಡಿಗರಲ್ಲಿ ತಲೆಯಲ್ಲಿ ನಾಲ್ಕು ಬಿಳಿಕೂದಲು ಕಂಡರೆ ಸಾಕು, ಹೆಂಗಸರೆಲ್ಲ ಆಂಟಿ, ಗಂಡಸರೆಲ್ಲ ಅಂಕಲ್. ನಾನೂ ಹಾಗೇ, ಏವನ್‌ಡೇಲ್‌ನ ಭಾನುವಾರದ ಸಂತೆಯಲ್ಲಿ ಅವರ ಬೆನ್ನ ಹಿಂದೆ ನಿಂತು, "ಆಂಟೀ, ನಿಮ್ಮ ಕೊತ್ತಂಬರಿ ಕಟ್ಟು ಬಿತ್ತು" ಎಂದೆ. ತಿರುಗಿದರು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಕೊತ್ತಂಬರಿ ಅಂತ ಇಷ್ಟು ಚಂದ ಕನ್ನಡ ಮಾತಾಡ್ತಿ, ನಾ ಹ್ಯಾಂಗ ಆಂಟಿ ಆದೆ? ಧಾರವಾಡದ ಕಾಲೇಜಿನ್ಯಾಗ ಕನ್ನಡ ಕಲಿಸಿ ಕಲಿಸಿ ಈ ಕೂದಲಾ ಬೆಳ್ಳಗ ಆಗ್ಯಾವ. ಅಕ್ಕೋರು ಅನ್ನು."

ನಮ್ಮ ಮೈಸೂರಿನ ಕಡೆ ಮೇಡಂ, ಮಿಸ್ ಎನ್ನುತ್ತೇವೆ. ಅವರ ಕಡೆ ಪಾಠ ಹೇಳುವ ಹೆಂಗಸು ಅಕ್ಕೋರು. ಅಂದಿನಿಂದ ಅವರು ನನಗೂ, ಆಮೇಲೆ ಊರಿಗೆಲ್ಲ ಅಕ್ಕೋರು.

ಈಗ ಅವರು ವೆಲ್ಲಿಂಗ್ಟನ್‌ಗೆ ಹೋಗಿಬಿಟ್ಟಿದ್ದಾರೆ. ಮಗಳಿಗೆ ಅಲ್ಲಿ ಸರ್ಕಾರಿ ಇಲಾಖೆಯೊಂದರಲ್ಲಿ ಕೆಲಸ ಸಿಕ್ಕಿತು, ಮಗಳ ಜೊತೆ ತಾಯಿಯೂ ಹೊರಟರು. ನಮ್ಮ ಓದುಕೂಟದವರು, "ನೀವೇ ಅವರಿಗೆ ಹತ್ತಿರದವರು, ಪರಿಚಯ ಬರೆದುಕೊಡಿ" ಎಂದು ನನ್ನ ತಲೆಗೆ ಕಟ್ಟಿದರು. ಪರಿಚಯ ಎಂದರೆ ಹುಟ್ಟಿದ ಊರು, ತಂದೆತಾಯಿ, ಮನೆತನ. ಅದರಲ್ಲಿ ಒಂದೂ ನನಗೆ ಗೊತ್ತಿಲ್ಲ. ಅವರು ಗೊತ್ತಾಗಗೊಡಲಿಲ್ಲ. ಆ ಗೊತ್ತಿಲ್ಲದ ಕತೆಯನ್ನೇ ಹೇಳುತ್ತೇನೆ, ಬೇಕಾದವರು ಕೇಳಿ.

ಓದುಕೂಟ ಶುರುಮಾಡಿದ್ದು ಅವರೇ. ನ್ಯೂ ಲಿನ್ ಸ್ಟೇಷನ್ನಿಗೆ ಹತ್ತಿರದ ಒಂದು ಚರ್ಚಿನ ಹಿಂದಿನ ಹಾಲ್, ಭಾನುವಾರ ಮಧ್ಯಾಹ್ನ. ಬರುತ್ತಿದ್ದವರು ಬೆಂಗಳೂರು ಮೈಸೂರಿನ ಸಾಫ್ಟ್‌ವೇರ್ ಜನ, ನನ್ನಂಥ ಒಂದಿಬ್ಬರು ಎಂಜಿನಿಯರುಗಳು, ಓದಲು ಬಂದು ಇಲ್ಲೇ ನೆಲೆಯಾದ ಹುಡುಗ ಹುಡುಗಿಯರು. ವಾರವೆಲ್ಲ ಕಂಪ್ಯೂಟರ್ ನೋಡಿ ಸುಸ್ತಾದವರಿಗೆ ನಗೆಬರಹ ಓದಿಸಬಾರದೇ? ಅಕ್ಕೋರು ಹಿಡಿದದ್ದು ಹಳೆಯ ಧರ್ಮಸಮಾಜಗಳ ಕತೆಗಳನ್ನು. ಭಿಕ್ಷುಗಳ ಸಂಘ, ಮೊದಮೊದಲ ಕ್ರೈಸ್ತರ ಸಭೆ, ಕಲ್ಯಾಣದ ಶರಣರು.

"ಒಂದು ಧರ್ಮ ಹೊಸದಾಗಿ ಹುಟ್ಟಿದಾಗ ಮನುಷ್ಯಾರು ಭಾಳ ಚಂದ ಇರ್ತಾರ" ಎನ್ನುತ್ತಿದ್ದರು. "ರಾಜನ ಮಂತ್ರಿ, ಚಪ್ಪಲಿ ಹೊಲಿಯಾಂವ ಒಂದ ಸಾಲಿನ್ಯಾಗ ಕುಂದರ್ತಾರ. ಆಮ್ಯಾಲೆ ಯಾರೋ ಒಬ್ಬಾಂವ ಸಾಲು ಎರಡು ಮಾಡ್ತಾನ. ಆ ಒಬ್ಬಾಂವನ್ನ ಹಿಡೀಬೇಕು. ಅದಕ್ಕ ಸಾಹಿತ್ಯ ಓದೂದು."

ಅವರ ಓದಿನ ಕ್ರಮವೇ ಪೊಲೀಸರದು. ಎಂಥ ಕತೆಯಿರಲಿ, ನಾವು ಭಾಷೆ ಚೆನ್ನಾಗಿದೆ, ವರ್ಣನೆ ಚೆನ್ನಾಗಿದೆ ಎಂದು ಹೊಗಳಿ ಮುಗಿಸುವವರೆಗೂ ಸುಮ್ಮನಿದ್ದು, ಬೆರಳ ಗೆಣ್ಣಿನಿಂದ ಮೇಜನ್ನು ತೆಂಗಿನಕಾಯಿ ಬಡಿದು ನೋಡುವ ಹಾಗೆ ಟಕ್ ಟಕ್ ಎನಿಸುತ್ತಿದ್ದರು. "ಅದೆಲ್ಲಾ ಇರ್ಲಿ. ಬಾಗಲಾ ಹಾಕಿದ್ದು ಯಾರ ಕೈ?" ಕತೆಯಲ್ಲಿ ಬಾಗಿಲೇ ಇಲ್ಲದಿದ್ದರೂ ಇದೇ ಪ್ರಶ್ನೆ. ಯಾರನ್ನೋ ಹೊರಗಿಟ್ಟಿರುತ್ತಾರೆ, ಇಟ್ಟ ಕೈ ಯಾವುದು ಹುಡುಕಿ ಎಂದರ್ಥ.

ಒಮ್ಮೆ ನಮ್ಮಲ್ಲೊಬ್ಬರು, ಬಹಳ ತಿಳಿದವರ ಹಾಗೆ, "ಆ ಕಾಲ ಹಾಗಿತ್ತು ಬಿಡಿ ಅಕ್ಕೋರೇ" ಎಂದರು. ಅಯ್ಯೋ, ಯಾಕಾದರೂ ಅಂದೆನೋ ಎನ್ನಿಸಿರಬೇಕು ಅವರಿಗೆ.

"ಕಾಲಕ್ಕ ಕೈ ಇರ್ತಾವೇನ್ರಿ? ಕಾಲ ಎದ್ದು ಹೋಗಿ ಚಿಲಕ ಹಾಕ್ತದ? ಹಾಕಿದಾಂವಗ ಹೆಸರಿತ್ತು, ಮನಿ ಇತ್ತು, ಮನ್ಯಾಗ ಬಿಸಿ ಅಡಗಿ ಇತ್ತು. ಕಾಲದ ಮ್ಯಾಲೆ ಹೊರಸಿ ಅವನ್ನ ಪಾರು ಮಾಡಬ್ಯಾಡ್ರಿ!"

ಇನ್ನೊಂದು ಭಾನುವಾರ, ಮಂಗಳೂರಿನಿಂದ ಓದಲು ಬಂದು ಇಲ್ಲೇ ನೆಲೆಯಾದ ವಿಲ್ಸನ್ ತಮ್ಮ ಕ್ರೈಸ್ತರ ಮೊದಮೊದಲ ಸಭೆಗಳ ವಿಷಯ ಹೇಳಿದ. ಎಲ್ಲರೂ ತಂದದ್ದನ್ನು ಒಟ್ಟಿಗೆ ಇಟ್ಟು ಉಣ್ಣಬೇಕೆಂದು ಶುರುವಾಯಿತಂತೆ. ಬರಬರುತ್ತ ಉಳ್ಳವರು ಬೇಗ ಬಂದು ತಿಂದು ಮುಗಿಸತೊಡಗಿದರು, ಕೂಲಿ ಮುಗಿಸಿ ತಡವಾಗಿ ಬಂದವರಿಗೆ ಖಾಲಿ ಪಾತ್ರೆ. ಅಕ್ಕೋರು ಕುರ್ಚಿಯಿಂದ ಎದ್ದೇ ನಿಂತರು, ಕಳೆದುಹೋದ ಓಲೆ ಸಿಕ್ಕವರ ಹಾಗೆ. "ನೋಡ್ರಿ! ಧರ್ಮ ಕೆಡೂದು ದೇವರ ಕೋಣ್ಯಾಗ ಅಲ್ಲ. ಅಡಗಿ ಮನ್ಯಾಗ!" ಈ ಮಾತು ಆಗ ನಮಗೆ ಬರೀ ಮಾತು. ಇಷ್ಟು ಬೇಗ ನಮ್ಮ ಬುಡಕ್ಕೇ ಬರುತ್ತದೆಂದು ಯಾರಿಗೆ ಗೊತ್ತಿತ್ತು?

ಈಗ ಪೈಕಿಯ ವಿಷಯಕ್ಕೆ ಬರುತ್ತೇನೆ. ಕನ್ನಡಿಗರು ಎಷ್ಟು ಸಮುದ್ರ ದಾಟಿದರೂ ಒಂದು ಪ್ರಶ್ನೆಯನ್ನು ಮಾತ್ರ ಲಗೇಜಿನಲ್ಲಿ ಜೋಪಾನವಾಗಿ ಇಟ್ಟುಕೊಂಡು ಬರುತ್ತಾರೆ. ಜಾತಿ ಯಾವುದು ಎಂದು ಕೇಳುವುದಿಲ್ಲ, ಛೆ ಛೆ, ಓದಿದವರು. "ನಿಮ್ಮದು ಯಾವ ಪೈಕಿ?" ಎನ್ನುತ್ತಾರೆ. ಅದೂ ದನಿ ಇಳಿಸಿ, ಸ್ವಲ್ಪ ಪಕ್ಕಕ್ಕೆ ವಾಲಿ.

ಅಕ್ಕೋರ ಪೈಕಿ ಯಾವುದೆಂದು ಪತ್ತೆ ಹಚ್ಚಲು ನಮ್ಮವರು ಪಟ್ಟ ಪಾಡು ಅಷ್ಟಿಷ್ಟಲ್ಲ. ಅಡ್ಡಹೆಸರಿನಿಂದ ತಿಳಿಯೋಣವೆಂದರೆ ಅದು ಉತ್ತರ ಕರ್ನಾಟಕದ್ದು, ಯಾವುದೋ ಅಡುಗೆಮನೆ ಸಾಮಾನಿನ ಹೆಸರು. ಅದರಿಂದ ಒಗ್ಗರಣೆಯ ವಾಸನೆ ಬಿಟ್ಟು ಬೇರೇನೂ ಹೊರಡದು. ಮಾತಿನಿಂದ ಹಿಡಿಯೋಣವೆಂದರೆ, ಆ ಕಡೆ ಇಂಥವರು "ಅದ" ಎನ್ನುತ್ತಾರೆ, ಇಂಥವರು "ಐತಿ" ಎನ್ನುತ್ತಾರೆ ಎಂದು ಯಾರೋ ಸೂತ್ರ ಹೇಳಿಕೊಟ್ಟರು. ಅಕ್ಕೋರು ಒಂದೇ ಉಸಿರಿನಲ್ಲಿ "ಚಹಾ ಅದ, ಆದ್ರ ಸಕ್ರಿ ಕಡಿಮಿ ಐತಿ" ಎನ್ನುವರು. ಬೇಕೆಂದೇ ಮಾಡುತ್ತಿದ್ದರು ಎಂದು ನನ್ನ ಅನುಮಾನ. ಸಂತೆಯಲ್ಲಿ ಒಬ್ಬರು ಅವರ ಚೀಲದೊಳಗೆ ಕಣ್ಣು ಹಾಕಿದಾಗ, ಮೇಲಿದ್ದ ಸಿಲ್ವರ್‌ಬೀಟ್ ಸೊಪ್ಪನ್ನು ಸ್ವಲ್ಪವೇ ಸರಿಸಿ, "ಕೆಳಗೇನೈತಿ ಅಂತ ನೋಡಬೇಕೇನ್ರಿ?" ಎಂದು ಕೇಳಿದರು. ಆ ಮನುಷ್ಯ ಟೊಮೇಟೊ ರಾಶಿಯ ಹಿಂದೆ ಮಾಯ.

ಇಲ್ಲೇ ಹುಟ್ಟಿದ ನನ್ನ ಮಗಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಅಕ್ಕೋರು, ವಾಟ್ ಡಸ್ ಪೈಕಿ ಮೀನ್?" ಎಂದು ಒಂದು ದಿನ ಕೇಳಿದಳು. ಅಕ್ಕೋರು ಚೀಲದಲ್ಲಿದ್ದ ಫೀಜೋವಾ ಹಣ್ಣುಗಳನ್ನು ಮೇಜಿನ ಮೇಲೆ ಸುರಿದರು.

"ಈ ಹಣ್ಣಿನ ಪೈಕಿ ಒಂದು ತಗೋ. ತಗೊಂಡ್ಯಾ? ಮೊದಲ ರಾಶಿ ಇತ್ತು, ಆಮ್ಯಾಲೆ ಒಂದು ಹೊರಗ ಬಂತು. ರಾಶಿ ಇಲ್ಲದ ಪೈಕಿ ಇಲ್ಲವಾ."

"ಸೋ ಇಟ್ ಜಸ್ಟ್ ಮೀನ್ಸ್ ಔಟ್ ಆಫ್?"

"ಹೌದು ನೋಡು, ಔಟ್ ಆಫ್. ಅದಕ್ಕ ನಮ್ಮ ಮಂದಿ ಅದನ್ನ ಕೇಳಿ ಕೇಳಿ ಎಲ್ಲಾರ್ನೂ ಔಟ್ ಮಾಡ್ತಾರ!"

ಇಡೀ ಆಕ್ಲೆಂಡಿನಲ್ಲಿ ಈ ವಿಷಯದಲ್ಲಿ ಸಂಶಯವೇ ಇಲ್ಲದಿದ್ದವರು ಒಬ್ಬರೇ, ನಮ್ಮ ಕನ್ನಡ ಬಳಗದ ಅಧ್ಯಕ್ಷರು. ಬೆಂಗಳೂರಿನವರು, ಒಳ್ಳೆಯ ಹುದ್ದೆ, ಒಳ್ಳೆಯ ಮಾತು, ಯಾರ ಮನೆಯಲ್ಲಿ ಕಾಯಿಲೆಯಾದರೂ ಮೊದಲು ಓಡಿಬರುವ ಮನುಷ್ಯ. ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಅಕ್ಕೋರ ಮಾತೆತ್ತಿದರೆ, "ಕೇಳೋದೇನ್ರಿ ಅದನ್ನ? ಆ ವಿದ್ಯೆ, ಆ ನಡತೆ, ನೋಡಿದ್ರೇ ಗೊತ್ತಾಗಲ್ವಾ? ನಮ್ಮವರೇ" ಎನ್ನುತ್ತಿದ್ದರು. ಹಾಗಾಗಿ ಪ್ರತಿ ಯುಗಾದಿಗೂ ಬಳಗದ ಅಡುಗೆಮನೆಯಲ್ಲಿ ಹೋಳಿಗೆಗೆ ಹೂರಣ ರುಬ್ಬುವ ಕೆಲಸ ಅಕ್ಕೋರದು. ದೇವರ ನೈವೇದ್ಯಕ್ಕೂ ಅದೇ ಹೂರಣ.

ಆ ಅಡುಗೆಮನೆಗೆ ಒಂದು ವರ್ಷ ಭಾಗ್ಯ ಬರಬೇಕಾಗಿತ್ತು. ಭಾಗ್ಯ ನಂಜನಗೂಡಿನ ಕಡೆಯ ಹುಡುಗಿ. ಓದಲು ಬಂದು, ಓದು ಮುಗಿಸಿ, ಇಲ್ಲೇ ಅಕೌಂಟೆಂಟ್ ಆಗಿ, ಮದುವೆಯಾಗಿ, ಒಂದು ಪುಟ್ಟ ಮಗುವಿನ ತಾಯಿ. ಓದುಕೂಟಕ್ಕೆ ಮಗುವನ್ನು ಎತ್ತಿಕೊಂಡೇ ಬರುತ್ತಿದ್ದಳು. "ನಾವ್ ಮಾತಾಡೋದು ಅದ್ರ ಕಿವಿಗೆ ಬೀಳ್ಲಿ ಅಕ್ಕ, ಕನ್ನಡ ತಾನಾಗೇ ಬತ್ತದೆ" ಎನ್ನುವಳು. ಹಬ್ಬದ ತಯಾರಿಯ ಸಭೆಯಲ್ಲಿ ಹೋಳಿಗೆ ತಟ್ಟಲು ನಾನೂ ಬರ್ತೀನಿ ಎಂದು ಕೈಯೆತ್ತಿದಳು. ಎಲ್ಲರಿಗೂ ಸಂತೋಷ. ಸಭೆ ಮುಗಿದ ಮೇಲೆ ಅಧ್ಯಕ್ಷರು ಪಕ್ಕಕ್ಕೆ ಕರೆದು, ದನಿ ಇಳಿಸಿ, "ನಿಮ್ಮದು ಯಾವ ಪೈಕಿ ಅಮ್ಮ?" ಎಂದು ಕೇಳಿದರು. ಅವಳು ಮುಚ್ಚುಮರೆಯಿಲ್ಲದೆ ಹೇಳಿದಳು. "ಓ, ಗುಡ್ ಗುಡ್" ಎಂದರು.

ಮಾರನೆಯ ಸಂಜೆ ಫೋನ್ ಬಂತು. "ಕಿಚನ್‌ನಲ್ಲಿ ಜನ ಜಾಸ್ತಿ ಆಗ್ಬಿಟ್ಟಿದಾರಮ್ಮ. ನೀನು ಚುರುಕಾಗಿದೀಯ, ಪಾರ್ಕಿಂಗ್ ನೋಡ್ಕೋ."

ಭಾಗ್ಯ ನನ್ನ ಮನೆಗೆ ಬಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. "ಊರಲ್ಲಿ ಇದನ್ನ ನೋಡಿ ನೋಡಿ ಸಾಕಾಗಿತ್ತು ಕಣಕ್ಕ. ಇಲ್ಲೂ ಇದೇನಾ? ಪಾರ್ಕಿಂಗ್ ಮಾಡ್ತೀನಿ, ಒಪ್ಕೊಂಡಿದೀನಲ್ಲ. ಆದ್ರೆ ಇದೇ ಕೊನೆ. ಬಳಗಕ್ಕೂ ಬರಲ್ಲ, ಓದುಕೂಟಕ್ಕೂ ಬರಲ್ಲ. ಮಗು ಕನ್ನಡ ಕಲೀಲಿ ಅಂತ ಬತ್ತಿದ್ದೆ. ಕಲ್ತು ಏನ್ ಮಾಡ್ಬೇಕು? ನೀನು ಯಾವ ಪೈಕಿ ಅಂತ ಯಾರಾದ್ರೂ ಕೇಳ್ದಾಗ ಅರ್ಥ ಮಾಡ್ಕೊಳೋಕಾ?"

ನನಗೆ ಮೈಯೆಲ್ಲ ಉರಿದುಹೋಯಿತು. ಇವರಪ್ಪನ ಮನೆಯ ಹೋಳಿಗೆಯೇ? ಆ ಕ್ಷಣವೇ ಬಳಗದ ವಾಟ್ಸಾಪ್ ಗುಂಪಿನಲ್ಲಿ ಎಲ್ಲರ ಮಾನ ಹರಾಜು ಹಾಕುತ್ತೇನೆಂದು ಕುಳಿತೆ. ಹಾಕುವ ಮುಂಚೆ ಅಕ್ಕೋರಿಗೆ ಫೋನಿನಲ್ಲಿ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

"ಸಿಟ್ಟು ಚಲೋ ಅದ. ಇಟ್ಕೋ. ಈಗ ಖರ್ಚು ಮಾಡಬ್ಯಾಡ. ನೀ ಬರದ್ರ ಅವರು 'ಅಯ್ಯೋ ಹಂಗಲ್ಲ, ಜನ ಜಾಸ್ತಿ ಆಗಿದ್ರು' ಅಂತಾರ. ಆಮ್ಯಾಲೆ ಏನು ಹೇಳ್ತಿ?" ಆಮೇಲೆ, "ಈ ಸಲ ಹಬ್ಬಕ್ಕ ಭಾಷಣಕ್ಕ ನನ್ನ ಕರದಾರ. ವಿಷಯ ಏನು ಗೊತ್ತದ ಏನು? ಶರಣರ ಸಮಾನತೆ" ಎಂದರು. ಆ ಕಡೆಯಿಂದ ನಗು ಕೇಳಿಸಿತು. ಮರುದಿನ ತಾವೇ ಭಾಗ್ಯಳ ಮನೆಗೆ ಹೋಗಿ, "ಮಂದಿ ಮುಂದ ನಿನ್ನ ಹೆಸರು ತಗೀಲೇನವಾ? ಬ್ಯಾಡ ಅಂದ್ರ ತಗಿಯೂದಿಲ್ಲ" ಎಂದು ಕೇಳಿ ಬಂದರಂತೆ. ಭಾಗ್ಯ, "ತೆಗೀರಿ ಅಕ್ಕೋರೆ, ನಾನೇನ್ ಕದ್ದಿದೀನಾ?" ಎಂದಳಂತೆ.

ಇಲ್ಲಿ ಯುಗಾದಿ ಬರುವುದು ಎಲೆ ಉದುರುವ ಕಾಲಕ್ಕೆ. ಚಿಗುರಿಲ್ಲ, ಕೋಗಿಲೆಯಿಲ್ಲ, ಬಾಡಿಗೆಗೆ ಹಿಡಿದ ಶಾಲೆಯ ಹಾಲ್, ಹೊರಗೆ ತಣ್ಣನೆ ಗಾಳಿ. ನಾನು ಒಳಗೆ ಹೋಗುವಾಗ ಭಾಗ್ಯ ಹಳದಿ ಜಾಕೆಟ್ ತೊಟ್ಟು ಕಾರುಗಳಿಗೆ ಕೈ ತೋರಿಸುತ್ತಿದ್ದಳು. ಮಗು ಗಂಡನ ಹೆಗಲ ಮೇಲೆ. ಅಕ್ಕೋರು ಎಂದಿನಂತೆ ಬೆಳಗ್ಗೆಯೇ ಬಂದು ಹೂರಣ ರುಬ್ಬಿಟ್ಟು, ಕೈ ತೊಳೆದು, ಸೀರೆಯ ಸೆರಗಿಗೆ ಒರೆಸಿಕೊಳ್ಳುತ್ತ ವೇದಿಕೆ ಹತ್ತಿದರು. ಅಧ್ಯಕ್ಷರು ಅವರನ್ನು ವಿದ್ಯೆಯ ಖನಿ ಎಂದು ಪರಿಚಯ ಮಾಡಿ, ಶಾಲು ಹೊದಿಸಿ, ಮುಂದಿನ ಸಾಲಿನಲ್ಲಿ ಬಂದು ಕೂತರು.

ಅಕ್ಕೋರು ಶರಣರಿಂದ ಶುರುಮಾಡಿದರು. ವಿಲ್ಸನ್ ಹೇಳಿದ್ದ ಸಭೆಗಳ ಮಾತು ಬಂತು, ಭಿಕ್ಷುಗಳ ಮಾತು ಬಂತು. ಮೂರೂ ಕಡೆ ಎಲ್ಲ ಕಟ್ಟಿದ್ದು ಊಟದ ಸಾಲಿನಲ್ಲಿ, ಕೆಟ್ಟದ್ದೂ ಊಟದ ಸಾಲಿನಲ್ಲಿ ಎಂದರು. ಜನ ತಲೆಯಾಡಿಸಿದರು. ಹಳೆಯ ಕಾಲದವರ ತಪ್ಪಿಗೆ ತಲೆಯಾಡಿಸುವುದು ಎಷ್ಟು ಹಿತ! ಆಮೇಲೆ ಕನ್ನಡಕ ಮೂಗಿನ ತುದಿಗೆ ಇಳಿಯಿತು.

"ಇನ್ನ ನನ್ನದೊಂದು ದೂರು ಅದ. ನನಗ ಈ ಬಳಗದಾಗ ಅನ್ಯಾಯ ಆಗೇತಿ."



"ಇಷ್ಟು ವರ್ಷ ನಾ ನಿಮ್ಮ ಹೂರಣ ರುಬ್ಬೀನಿ. ನೀವು ಉಂಡೀರಿ, ನಿಮ್ಮ ದೇವರೂ ಉಂಡಾನ. ನನ್ನ ಯಾರೂ ಒಂದು ಮಾತು ಕೇಳಲಿಲ್ಲ. ನಮ್ಮ ಭಾಗ್ಯಾ ಈ ವರ್ಷ ಹೋಳಿಗಿ ಮಾಡ್ತೀನಿ ಅಂದ್ಲು, ಆಕಿನ್ನ ಕೇಳಿದ್ರಿ, ಯಾವ ಪೈಕಿ ಅಂತ. ಕೇಳಿದ ಮರುದಿನ ಆಕಿ ಹೊರಗ ಗಾಳ್ಯಾಗ ನಿಂತ್ಲು. ಆಕಿಗೆ ಕೇಳಿದ್ದನ್ನ ನನಗ್ಯಾಕ ಕೇಳಲಿಲ್ಲ? ನಾ ಏನು ಕಡಿಮಿ ಆಗೀನಿ? ನನ್ನೂ ಕೇಳ್ರಿ!"

ಅಧ್ಯಕ್ಷರು, "ಅಯ್ಯೋ, ಹಂಗಲ್ಲ ಮೇಡಂ, ಏನೋ ಪದ್ಧತಿ..." ಎಂದು ಅರ್ಧ ಎದ್ದರು.

"ಪದ್ಧತಿಗೆ ಫೋನ್ ಮಾಡಾಕ ಬರ್ತದೇನ್ರಿ? ಫೋನ್ ಮಾಡಿದ್ದು ಯಾರ ಕೈ?"

ಇಷ್ಟು ಹೇಳಿ ವೇದಿಕೆಯಿಂದ ಇಳಿದು ಬಂದರು. ಮೈಕನ್ನು ಅಧ್ಯಕ್ಷರ ಕೈಗೇ ಕೊಟ್ಟರು. "ನಾ ಯಾವ ಪೈಕಿ ಅಂತ ಕೇಳ್ರಿ. ಎಲ್ಲಾರಿಗೂ ಕೇಳೂ ಹಂಗ ಕೇಳ್ರಿ. ನಾ ಖರೇನ ಹೇಳ್ತೀನಿ. ಆಮ್ಯಾಲೆ ಒಳಗ ಹೋಗಿ ಹೂರಣ ಇಟ್ಕೋಬೇಕೋ ಚೆಲ್ಲಬೇಕೋ ನೋಡ್ರಿ."

ಅಷ್ಟು ಹೊತ್ತಿಗೆ ಭಾಗ್ಯ ಹಳದಿ ಜಾಕೆಟ್ಟಿನಲ್ಲೇ ಬಾಗಿಲಿಗೆ ಬಂದು ನಿಂತಿದ್ದಳು. ಅಧ್ಯಕ್ಷರು ಮೈಕನ್ನು ನೋಡಿದರು, ಅಕ್ಕೋರನ್ನು ನೋಡಿದರು, ಹಿಂದೆ ಕೂತ ಹೆಂಡತಿ ಮಕ್ಕಳನ್ನು ನೋಡಿದರು. ಆಮೇಲೆ ಪಾಪ, ಮೈಕ್ ಬಾಯಿಯ ಹತ್ತಿರವೇ ಇದೆ ಎನ್ನುವುದನ್ನು ಮರೆತು, ಅಕ್ಕೋರಿಗೆ ಮಾತ್ರ ಎಂದುಕೊಂಡು ಮೆಲ್ಲಗೆ ಹೇಳಿದರು.

"ಮೇಡಂ, ಇದನ್ನೆಲ್ಲ ಮೈಕಲ್ಲಿ ಕೇಳೋಕಾಗುತ್ತಾ?"

ಆ ಮಾತು ಹಾಲಿನ ನಾಲ್ಕೂ ಗೋಡೆಗೆ ಬಡಿದು ವಾಪಸ್ಸು ಬಂತು. ಹಿಂದೆ ನಿಂತಿದ್ದ ಓದುವ ಹುಡುಗರಲ್ಲಿ ಯಾರೋ ಕಿಸಕ್ಕೆಂದರು.

"ಆಗೂದಿಲ್ಲಲ್ಲ?" ಎಂದರು ಅಕ್ಕೋರು. ಈಗ ಅವರಿಗೆ ಮೈಕ್ ಬೇಕಿರಲಿಲ್ಲ. "ಮೈಕಿನ್ಯಾಗ ಕೇಳಾಕ ಆಗದ್ದನ್ನ ಕಿವ್ಯಾಗೂ ಕೇಳಬ್ಯಾಡ್ರಿ. ಮುಗೀತು ನನ್ನ ಭಾಷಣ."

ಚಪ್ಪಾಳೆ ಹಿಂದಿನಿಂದ ಶುರುವಾಯಿತು. ವಿಲ್ಸನ್ ಶಿಳ್ಳೆ ಹೊಡೆದ. ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಹೆಂಗಸರು ಹೊರಗೆ ಬಂದು ತಟ್ಟಿದರು. ನಾನಂತೂ ಕುರ್ಚಿಯ ಮೇಲೆ ಹತ್ತಿ ನಿಂತಿದ್ದೆ ಎಂದು ಮಗಳು ಇವತ್ತಿಗೂ ಆಡಿಕೊಳ್ಳುತ್ತಾಳೆ. ಹತ್ತಿದ್ದರೆ ಏನೀಗ?

ಭಾಗ್ಯ ಸಾಲುಗಳ ನಡುವೆ ನಡೆದು ಮುಂದೆ ಬಂದಳು. ಚಪ್ಪಾಳೆ ನಿಂತಿತು. ಹಳದಿ ಜಾಕೆಟ್ ಬಿಚ್ಚಿ, ನೀಟಾಗಿ ಮಡಿಸಿ, ಅಧ್ಯಕ್ಷರ ಮುಂದೆ ಹಿಡಿದಳು.

"ಅಂಕಲ್, ಪಾರ್ಕಿಂಗ್‌ನಲ್ಲಿ ಜನ ಕಮ್ಮಿ ಆಗ್ಬಿಟ್ಟಿದಾರೆ."

ಆ ಮನುಷ್ಯ ಸಿಟ್ಟಾಗಬಹುದಿತ್ತು, ಎದ್ದು ಹೊರಟುಹೋಗಬಹುದಿತ್ತು. ಜಾಕೆಟ್ ತೆಗೆದುಕೊಂಡರು. ರೇಷ್ಮೆ ಜುಬ್ಬದ ಮೇಲೆ ತೊಟ್ಟರು. "ತಪ್ಪಾಯ್ತಮ್ಮ. ಫೋನ್ ಮಾಡಿದ್ದು ನಾನೇ" ಎಂದರು. ಮೈಕ್ ಇನ್ನೂ ಕೈಯಲ್ಲೇ ಇತ್ತು, ಎಲ್ಲರಿಗೂ ಕೇಳಿಸಿತು. ಈ ಸಲ ಮರೆತು ಹೇಳಿದ್ದಲ್ಲ. ಹೊರಗೆ ಹೋಗಿ ತಡವಾಗಿ ಬಂದವರ ಕಾರುಗಳಿಗೆ ಕೈ ತೋರಿಸತೊಡಗಿದರು. ಅವತ್ತು ಅಕ್ಕೋರು ಅವರ ಬಗ್ಗೆ ಹೇಳಿದ್ದು ಒಂದೇ ಮಾತು: "ನಾವು ಓದಿದ ಕತ್ಯಾಗ ಒಬ್ಬಾಂವರ ಹಿಂಗ ಒಪ್ಕೊಂಡಿದ್ನೇನು? ನಮ್ಮ ಅಧ್ಯಕ್ಷರು ಗೆದ್ರು ನೋಡು."

ಭಾಗ್ಯ ತಟ್ಟಿದ ಮೊದಲ ಹೋಳಿಗೆ ಹರಿಯಿತು, ಎರಡನೆಯದು ಸೀದಿತು. ಮೂರನೆಯದನ್ನು ನಾವು ಕಿತ್ತಾಡಿ ತಿಂದೆವು. ಮಗು ನೆಲದ ಮೇಲೆ ಕೂತು ಹೂರಣ ಮೆತ್ತಿದ ಬೆರಳನ್ನು ಚೀಪುತ್ತ, "ಇನ್ನೂ ಬೇಕು" ಎಂದಿತು. ಅದರ ಬಾಯಿಂದ ನಾವೆಲ್ಲ ಕೇಳಿದ ಮೊದಲ ಕನ್ನಡ. ಭಾಗ್ಯ ಕೈಯಲ್ಲಿದ್ದ ಉಂಡೆ ಕೆಳಗಿಟ್ಟು, ಆಗ ಅತ್ತಳು.

ಈ ವರ್ಷ ಅಕ್ಕೋರಿಲ್ಲದ ಮೊದಲ ಯುಗಾದಿ. ಅಡುಗೆಮನೆಯ ಯಜಮಾನಿಕೆ ಭಾಗ್ಯಳದು, ಪಾರ್ಕಿಂಗ್ ಎಂದಿನಂತೆ ಅಧ್ಯಕ್ಷರದು. ಬೇರೆಯವರಿಗೆ ಆ ಜಾಕೆಟ್ ಕೊಡಲು ಅವರೇ ಒಪ್ಪುವುದಿಲ್ಲ. ಬೆಂಗಳೂರಿನಿಂದ ಆಗಷ್ಟೇ ಬಂದ ಒಬ್ಬರು ಹೊಸ ಆಂಟಿ ಅಡುಗೆಮನೆಗೆ ಬಂದು, ಹೋಳಿಗೆ ಹೊಗಳಿ, ಮೆಲ್ಲಗೆ ಪಕ್ಕಕ್ಕೆ ವಾಲಿದರು. ನನಗೆ ಆ ವಾಲುವಿಕೆ ಚೆನ್ನಾಗಿ ಗೊತ್ತು. "ಕೈರುಚಿ ಅಂದ್ರೆ ಇದು. ನಿಮ್ಮದು ಯಾವ ಪೈಕಿ ಅಮ್ಮ?"

ಭಾಗ್ಯ ತವದಿಂದ ಕಣ್ಣೆತ್ತಲಿಲ್ಲ. "ಮೈಕ್ ತರಿಸ್ಲಾ ಆಂಟಿ?"

ಅಡುಗೆಮನೆ ಬಿದ್ದು ಬಿದ್ದು ನಕ್ಕಿತು. ಪಾಪ, ಆ ಹೆಂಗಸಿಗೆ ಏನೂ ಅರ್ಥವಾಗದೆ ತಾವೂ ನಕ್ಕರು. ಆಮೇಲೆ ಯಾರೋ ಕತೆ ಹೇಳಿದರು. ನಾಚಿಕೊಂಡು, ಸೆರಗು ಸಿಕ್ಕಿಸಿ, ಭಾಗ್ಯಳ ಪಕ್ಕ ಹಿಟ್ಟು ನಾದಲು ನಿಂತರು.

ಮರುದಿನ ನ್ಯೂ ಲಿನ್ ಪ್ಲಾಟ್‌ಫಾರ್ಮಿನಲ್ಲಿ ರೈಲಿಗೆ ಕಾಯುತ್ತ ಅಕ್ಕೋರಿಗೆ ಫೋನ್ ಮಾಡಿದೆ. ಅವರು ವೆಲ್ಲಿಂಗ್ಟನ್ನಿನ ಯಾವುದೋ ಗುಡ್ಡ ಹತ್ತುತ್ತಿದ್ದರು. ಸುತ್ತ ಜನರಿದ್ದರಲ್ಲ, ಭಾಗ್ಯ ಅಂದದ್ದನ್ನು ನಾನು ದನಿ ತಗ್ಗಿಸಿ ಹೇಳಿದೆ.

"ಏನಂದ್ಲು? ಇಲ್ಲಿ ಗಾಳಿ ಭಾಳ ಅದ, ಏನೂ ಕೇಳವಲ್ದು. ಪಿಸುಪಿಸು ಅನ್ನಬ್ಯಾಡ, ಜೋರಾಗಿ ಹೇಳು!"

"ಮೈಕ್ ತರಿಸ್ಲಾ ಅಂದ್ಲು ಅಕ್ಕೋರೇ!" ಎಂದು ಕೂಗಿದೆ. ಪ್ಲಾಟ್‌ಫಾರ್ಮಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ.